ಅವ್ವನಿಗೆಂದು ಇಟ್ಟಿದ್ದ ಮಂಚ

ಹಾವೇರಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಅವ್ವನ ಕರುಳಿನಲ್ಲಿ ಗಡ್ಡೆ ಕಂಡಿತು. ರಾಣೆಬೆನ್ನೂರಿನ ಡಾಕ್ಟರು ಆಪರೇಷನ್ ಮಾಡಲು ಒಪ್ಪಿದರು, ಆದರೆ ಒಂದು ಮಾತು ಹೇಳಿದರು: "ವಯಸ್ಸಾಗೇತಿ, ಸಕ್ಕರಿ ಕಾಯಿಲೆ ಬ್ಯಾರೆ ಐತಿ. ಐಸಿಯುದಾಗ ಒಂದು ಬೆಡ್ ಖಾಲಿ ಇದ್ರಷ್ಟ ಮಾಡ್ತೇನ್ರಿ." ಆ ಆಸ್ಪತ್ರೆಯ ಐಸಿಯುನಲ್ಲಿ ಇದ್ದದ್ದು ನಾಲ್ಕೇ ಮಂಚ. ಮಂಗಳವಾರಕ್ಕೆ ಒಂದನ್ನು ಅವ್ವನಿಗೆಂದು ಇಟ್ಟರು. ನಾನು ಬ್ಯಾಡಗಿಯಲ್ಲಿ ಕಲಿಸುವ ಶಾಲೆಗೆ ರಜೆ ಹಾಕಿ ಬಂದೆ.

ಮಂಗಳವಾರ ಬೆಳಿಗ್ಗೆ ಅವ್ವ ನೀರೂ ಕುಡಿಯದೆ ಹಸಿರು ಗೌನು ತೊಟ್ಟು ಕೂತಿದ್ದಳು. ಹತ್ತು ಗಂಟೆಗೆ ನರ್ಸ್ ಬಂದು, "ಇವತ್ತ ಆಗೂದಿಲ್ರಿ. ಕುಪ್ಪೇಲೂರಿಂದ ಅರ್ಜೆಂಟ್ ಕೇಸ್ ಬಂದೈತಿ, ಕರುಳು ತೂತು ಬಿದ್ದೈತಿ. ಬೆಡ್ ಅವರಿಗೆ ಕೊಟ್ಟೇವಿ," ಎಂದಳು.

"ಹೋಗ್ಲಿ ಬಿಡು. ಚಹಾ ತಾ," ಎಂದಳು ಅವ್ವ. ಉರಿದದ್ದು ನನ್ನ ಹೊಟ್ಟೆ.

ಐಸಿಯು ಬಾಗಿಲ ಮುಂದೆ ಆ ರೋಗಿಯ ಹೆಂಡತಿ ನೆಲದ ಮೇಲೆ ಕೂತಿದ್ದಳು. ಅವಳ ಗಂಡ ಬದುಕುವುದೇ ಅನುಮಾನ ಎಂದು ಗೊತ್ತಿದ್ದೂ ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಬಾಗಿಲ ಗಾಜಿನಲ್ಲಿ ಇಣುಕಿದರೆ ಅವನ ತಲೆಯ ಮೇಲಿನ ಮಾನಿಟರು, ಪಕ್ಕ ಬಿಡದೆ ನಿಂತ ನರ್ಸು ಕಾಣುತ್ತಿದ್ದರು. ಅದೆಲ್ಲ ನಮ್ಮವ್ವನದು ಅನ್ನಿಸುತ್ತಿತ್ತು. ದಿನಕ್ಕೆ ನಾಲ್ಕು ಸಲ ಹೋಗಿ ಕೇಳುತ್ತಿದ್ದೆ: "ಹೆಂಗದಾರ್ರಿ ನಿಮ್ಮನಿಯವರು? ಯಾವಾಗ ವಾರ್ಡಿಗೆ ಹಾಕ್ತಾರಂತ?"

"ಇನ್ನೂ ಏನೂ ಹೇಳವಲ್ರು ಅಕ್ಕಾರ," ಎಂದು ಅವಳು ತನ್ನ ರೊಟ್ಟಿ ಬುತ್ತಿಯನ್ನು ನನ್ನತ್ತ ಸರಿಸುತ್ತಿದ್ದಳು. ನಾನು ಮುಟ್ಟುತ್ತಿರಲಿಲ್ಲ.

ಗುರುವಾರ ಬೇರೊಬ್ಬರ ಮಂಚ ಖಾಲಿಯಾಯಿತು. ಶುಕ್ರವಾರ ಅವ್ವನ ಆಪರೇಷನ್ ಆಯಿತು. ಮಧ್ಯಾಹ್ನ ಅರಿವಳಿಕೆ ಡಾಕ್ಟರು ಹೊರಗೆ ಬಂದು, "ಛಲೋ ಎಚ್ಚರಾಗ್ಯಾರ. ಉಸಿರು, ಬಿಪಿ ಎಲ್ಲಾ ಸರಿ ಅದಾವ. ಸಂಜಿಮಟ ನೋಡಿ ಸೀದಾ ವಾರ್ಡಿಗೆ ಕಳಸ್ತೇವಿ," ಎಂದರು.

"ಐಸಿಯು ಬೆಡ್ ಇಟ್ಟೀರಲ್ರಿ?" ನಾನು ಜಗಳಕ್ಕೇ ನಿಂತೆ. "ಆ ಮನಷ್ಯಾಗ ನಾಕು ದಿನದಿಂದ ಕೊಟ್ಟೀರಿ. ನಮ್ಮವ್ವಗ ಒಂದು ದಿನಾನೂ ಬ್ಯಾಡೇನು?"

ಅವರು ನನ್ನ ಮುಖವನ್ನೇ ನೋಡಿದರು. "ಬೇಕಾಗಲಿಲ್ಲ ಅಂತ ಖುಷಿ ಪಡ್ರಿ ಮೇಡಂ."

ನನಗೆ ಖುಷಿಯಾಗಲಿಲ್ಲ. ಏನೋ ಕಸಿದುಕೊಂಡರು ಅನ್ನಿಸಿತು.

ಭಾನುವಾರ ಅವ್ವ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದಾಗ ಕುಪ್ಪೇಲೂರಿನವಳು ವಾರ್ಡಿನ ಬಾಗಿಲಲ್ಲಿ ಬಂದು ನಿಂತಳು. ಚಮಚ ಅವ್ವನ ಬಾಯಿಗೆ ಹೋಗುವುದನ್ನೇ ನೋಡಿದಳು. "ನಿಮ್ಮ ನಸೀಬ ಛಲೋ ಐತ್ರಿ," ಎಂದು ಹೊರಟೇಬಿಟ್ಟಳು. ಆ ದನಿಯೊಳಗಿನ ಕಿಚ್ಚು ನನಗೆ ಚೆನ್ನಾಗಿ ಗೊತ್ತಿದ್ದದ್ದೇ.

ಹಿಂದೆಯೇ ಹೋಗಿ ವರಾಂಡದಲ್ಲಿ ಹೇಳಿಬಿಟ್ಟೆ: "ನಾ ದಿನಾ ಬಂದು ಕೇಳ್ತಿದ್ದದ್ದು ನಿಮ್ಮವರ ಕಾಳಜಿಗಲ್ರಿ. ಮಂಚ ಯಾವಾಗ ಖಾಲಿ ಆಗ್ತೈತಿ ಅಂತ ಕೇಳ್ತಿದ್ದೆ."

"ಗೊತ್ತಿತ್ರಿ," ಎಂದಳು. "ಆದ್ರ ಕೇಳಾಕ ಬ್ಯಾರೆ ಯಾರೂ ಬರ್ತಿರ್ಲಿಲ್ಲ."

ಅವಳು ಮತ್ತೆ ಐಸಿಯು ಬಾಗಿಲ ಮುಂದೆ ಕೂತಳು. ನಾನೂ ಅವಳ ಪಕ್ಕ ನೆಲದ ಮೇಲೆ ಕೂತೆ. ಏಳುವಾಗ ನನ್ನ ಫೋನ್ ನಂಬರು ಬರೆದುಕೊಟ್ಟೆ.

ಮುಂದಿನ ವಾರ ಅವಳ ಗಂಡ ವಾರ್ಡಿಗೆ ಬಂದ. ಅಷ್ಟರಲ್ಲಿ ನಾವು ಬ್ಯಾಡಗಿಗೆ ಮರಳಿದ್ದೆವು. ಅವಳೇ ಫೋನ್ ಮಾಡಿ ತಿಳಿಸಿದಳು. ಅವ್ವ ಫೋನ್ ಇಸಿದುಕೊಂಡು ಅವಳೊಡನೆ ಅರ್ಧ ಗಂಟೆ ನಗುನಗುತ್ತ ಮಾತಾಡಿದಳು. ನನ್ನೊಡನೆ ಅವ್ವ ಎಂದೂ ಅಷ್ಟು ಹೊತ್ತು ಮಾತಾಡಿದವಳಲ್ಲ. ನಾನು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟೆ.