ಸುಡದೆ ಉಳಿಸಿದ ಕೌದಿ

ಮೊನ್ನೆ ಕನಸಿನಲ್ಲಿ ಬಾಲ್ಯದ ಗೆಳತಿ ಸಾವಿತ್ರಿ ಬಂದು, ನನ್ನ ಕೈಗಳನ್ನೇ ಮೂಸಿ ನೋಡಿದಳು. ಎದ್ದವಳೇ ಎರಡು ಸಲ ಕೈ ತೊಳೆದೆ.

ಹಿಂದಿನ ದಿನ ಬೆಕ್ಕಿಗೆ ಜಂತುಹುಳದ ಮಾತ್ರೆ ತರಲು ಚನ್ನಗಿರಿಯ ದನದ ಆಸ್ಪತ್ರೆಗೆ ಹೋಗಿದ್ದೆ. ರಕ್ತಭೇದಿಯಿಂದ ನಾಯಿಮರಿ ಕಳೆದುಕೊಂಡವರಿಗೆ ಡಾಕ್ಟರು ಹೇಳುತ್ತಿದ್ದರು: "ಅದು ಮಲಗಿದ್ದ ಬಟ್ಟೆ ಸುಟ್ಟಾಕ್ರಿ. ಸುಮ್ನೆ ಒಗೆದ್ರೆ ಆ ರೋಗ ಹೋಗಲ್ಲ, ತಿಂಗಳುಗಟ್ಟಲೆ ಇರ್ತೈತೆ."

ನಾನು ಚಿಕ್ಕವಳಿದ್ದಾಗ ನಲ್ಲೂರಿನಲ್ಲಿ ನಮ್ಮ ನಾಯಿಮರಿ ಕರಿಯನೂ ಹಾಗೇ ಸತ್ತಿತ್ತು. ಅಜ್ಜಿ ಮಜ್ಜಿಗೆ ಕುಡಿಸಿ ಕುಡಿಸಿ ಸೋತಳು. ಅದರಡಿ ಹಾಸಿದ್ದ ಕೌದಿಯ ತುಂಡನ್ನು ಸುಡು ಎಂದು ನನಗೆ ಕೊಟ್ಟಳು. ಅದರಲ್ಲಿ ಅವ್ವನ ಹಳದಿ ಸೀರೆಯ ತೇಪೆ ಇತ್ತು, ಸುಡಲು ಮನಸ್ಸು ಬರಲಿಲ್ಲ. ಸೋಪು ಹಚ್ಚಿ ಒಗೆದು, ಒಣಗಿಸಿ, ಹೊಸ ಮರಿ ತಂದಿದ್ದ ಸಾವಿತ್ರಿಗೆ ಕೊಟ್ಟೆ.

"ಏ, ನಿಮ್ಮವ್ವನ ಸೀರೆ ಅಲ್ಲೇನೇ ಇದು? ನನ್ ಮರಿ ಇನ್ಮ್ಯಾಲೆ ರಾಣಿ ಬಿಡು!" ಎಂದು ಅವಳು ಕುಣಿದಳು.

ಮನೆಗೆ ಬಂದಾಗ ಅಜ್ಜಿ ಕೇಳಿದಳು, "ಸುಟ್ಟ್ಯೇನೇ?"

"ಹ್ಞೂಂ, ಬೂದಿನೂ ತಿಪ್ಪೆಗೆ ಹಾಕ್ದೆ," ಎಂದೆ.

ವಾರ ಕಳೆಯುವಷ್ಟರಲ್ಲಿ ಅವಳ ಆ ರಾಣಿ ಮರಿಯೂ ರಕ್ತಭೇದಿಯಾಗಿ ಸತ್ತಿತು. ಸಾವಿತ್ರಿ ನನ್ನ ಹೆಗಲ ಮೇಲೇ ಅತ್ತಳು. "ಅದಕ್ಕೆ ಅಂತ ಏನಾರ ಕೊಟ್ಟಾಕಿ ನೀನೊಬ್ಳೇ ಕಣೇ," ಎಂದಳು.

ನಾನು ಶಾಲೆ ಅರ್ಧಕ್ಕೆ ಬಿಟ್ಟವಳು, ರೋಗ ಹರಡುವುದು ಗೊತ್ತಿರಲಿಲ್ಲ ಎನ್ನಬಹುದು. ಸುಳ್ಳು ಹೇಳಿದ್ದು ಗೊತ್ತಿತ್ತಲ್ಲ! ಈಗ ಹೊನ್ನಾಳಿಯಲ್ಲಿರುವ ಸಾವಿತ್ರಿಗೆ ಅದು ಕರಿಯ ಸತ್ತ ಕೌದಿ ಎಂದು ಇಂದಿಗೂ ಹೇಳಿಲ್ಲ, ಇದನ್ನು ಓದಿದರೆ ಓದಲಿ. ನಿಮ್ಮ ಮನೆಗೆ ಹೊಸ ಮರಿ ಬಂದಿದ್ದರೆ, ಅದರಡಿ ಹಾಸಿದ ಬಟ್ಟೆ ಮೊದಲು ಯಾವ ನಾಯಿಯದಾಗಿತ್ತು ಎಂದು ದಯವಿಟ್ಟು ಇನ್ನೊಂದು ಸಲ ಕೇಳಿ ನೋಡಿ.