ಮುಂದೆ ಸೆರಾಮಿಕ್, ಹಿಂದೆ ಕಬ್ಬಿಣ
ನಮ್ಮ ಪಕ್ಕದ ಮನೆಯ ಸ್ಪೋರ್ಟ್ಸ್ ಕಾರ್ ಸಾಹೇಬರು ಯಾರು ಸಿಕ್ಕರೂ ಸರಿ, ಕ್ಷೇಮಸಮಾಚಾರಕ್ಕೆ ಮೊದಲೇ ಮುಂದಿನ ಚಕ್ರದೆದುರು ಕುಕ್ಕರುಗಾಲಲ್ಲಿ ಕೂರಿಸುತ್ತಾರೆ. "ಬ್ರೇಕ್ ಡಿಸ್ಕ್ ನೋಡಿ, ಸೆರಾಮಿಕ್! ರೇಸ್ ಗಾಡಿಗೆ ಹಾಕೋದು" ಎನ್ನುತ್ತಾರೆ. ನೀವು ಹಿಂದಿನ ಚಕ್ರದತ್ತ ತಲೆ ತಿರುಗಿಸಿದಿರೋ, ಅವರ ಹೊಟ್ಟೆ ಅಡ್ಡ ಬರುತ್ತದೆ. ಏಕೆಂದರೆ ಅಲ್ಲಿರುವುದು ತುಕ್ಕು ಹಿಡಿದ ಹಳೆಯ ಕಬ್ಬಿಣದ ಡಿಸ್ಕು. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು. "ನಾಲ್ಕೂ ಒಂದೇ ಥರ ಇರ್ಬೇಕು ಸಾರ್, ಇಲ್ದಿದ್ರೆ ಜೋರಾಗಿ ಬ್ರೇಕ್ ಹಾಕ್ದಾಗ ಗಾಡಿ ಗಿರ್ರಂತ ತಿರುಗಿಬಿಡುತ್ತೆ" ಎಂದು ಮೆಕ್ಯಾನಿಕ್ ಬಡಕೊಂಡರೆ, "ಹಿಂದಿನ ಚಕ್ರ ಯಾರ್ರೀ ನೋಡ್ತಾರೆ?" ಎಂದು ನಕ್ಕರಂತೆ. ಬೀದಿ ನಡುಗುವಂತೆ ಎಂಜಿನ್ ಗುಡುಗಿಸಿಕೊಂಡು ಹೊರಡುವ ಈ ಶೂರರು ತಿರುವು ಬಂತೆಂದರೆ ಸೈಕಲ್ಲಿಗೂ ದಾರಿ ಬಿಟ್ಟು ತೆವಳುತ್ತಾರೆ, ಕೇಳಿದರೆ, "ಎಂಜಿನ್ ಇನ್ನೂ ಬಿಸಿಯಾಗಿಲ್ಲ ಕಣ್ರೀ!" ನಿನ್ನೆ ಬೆಳಿಗ್ಗೆ ಅವರ ಮಗಳು ಶಾಲೆಯ ಚೀಲ ಹಾಕಿಕೊಂಡು ಓಡಿಬಂದು, "ಅಪ್ಪಾ, ಇವತ್ತಾದ್ರೂ ಇದ್ರಲ್ಲಿ ಕರ್ಕೊಂಡು ಹೋಗು" ಎಂದು ಆ ಕಾರಿನ ಬಾಗಿಲು ಹಿಡಿದು ನಿಂತಳು. ನಾನು ನೋಡುತ್ತಿದ್ದೆ. ಸಾಹೇಬರು ಏನೂ ಕೊಚ್ಚಿಕೊಳ್ಳಲಿಲ್ಲ. ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, "ಇದ್ರಲ್ಲಿ ಬೇಡ ಪುಟ್ಟಿ" ಎಂದು, ಹೆಂಡತಿಯ ಹಳೆಯ ಸ್ಕೂಟರಿನ ಮೇಲೆ ಕೂರಿಸಿಕೊಂಡು ಹೋದರು.