ಕಾಗೆ ಮುಟ್ಟದ ಎಲೆ

ಕಾಗೆಯಷ್ಟು ಹಠಮಾರಿಗಳನ್ನು ನಾನು ಮುಲುಂಡಿನ ನಮ್ಮ ಸೊಸೈಟಿ ಮೀಟಿಂಗಿನಲ್ಲೂ ಕಂಡಿಲ್ಲ. ಟೆರೇಸಿಗೆ ತಾಗಿದ ಮಳೆಮರದಲ್ಲಿ ಒಂದು ಕಾಗೆ ಕೋಗಿಲೆಯ ಮರಿಯನ್ನು ತನ್ನದೆಂದೇ ನಂಬಿ ಸಾಕುತ್ತಿತ್ತು. ಅದು ಮರಿಗೆ ತುತ್ತು ಕೊಡುವ ಒಂದೇ ಒಂದು ಫೋಟೊ ನನಗೆ ಬೇಕಿತ್ತು. ಒಂಬತ್ತು ದಿನ ಕಾದೆ. ಕ್ಯಾಮೆರಾ ಎತ್ತಿದರೆ ಸಾಕು, ನೀರಿನ ಟಾಂಕಿಯ ಮೇಲೆ ಕೂತು ನನ್ನನ್ನೇ ಬೈಯುತ್ತಿತ್ತು. ಒಮ್ಮೆ ತಲೆಗೂ ಕುಕ್ಕಿತು. ಮರಿಯ ರೆಕ್ಕೆ ಬಲಿತಿತ್ತು, ಇಂದೋ ನಾಳೆಯೋ ಹಾರಿಹೋಗುವಂತಿತ್ತು.

ಹತ್ತನೆಯ ದಿನ ಮಳೆ ಬಿಟ್ಟ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದು ಮೇಲೆ ಹೋದರೆ ಮೂರನೇ ಮಹಡಿಯ ಉಡುಪಿಯ ಅಮ್ಮ ಅಲ್ಲಿದ್ದರು. ಅವರ ಯಜಮಾನರ ವರ್ಷಾಂತಿಕ. ಮಗ ಕಟ್ಟೆಯ ಮೇಲೆ ಬಾಳೆಲೆಯಲ್ಲಿ ಎಡೆಯಿಟ್ಟು ಕೆಳಗಿಳಿದಿದ್ದ. ಕಾಗೆ ಮುಟ್ಟುವವರೆಗೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಅಮ್ಮ "ಕಾ, ಕಾ" ಎಂದು ಕರೆಯುತ್ತಲೇ ಇದ್ದರು. ನಾನು ಬಂದು ಗಂಟೆಯಾದರೂ ಕಾಗೆ ಟಾಂಕಿ ಬಿಟ್ಟು ಇಳಿಯಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ಅಮ್ಮಾರ, ಸ್ವಲ್ಪ ಸುಮ್ನಿರ್ರಿ. ನೀವು ಕೂಗಿದ್ರ ಅದು ಹೆದರತದ," ಎಂದು ನಮ್ಮ ಧಾರವಾಡದ ದನಿಯಲ್ಲೇ ಸಿಡುಕಿದೆ.

"ಹೆದ್ರುದಲ್ಲ ಮಾರಾಯ್ರೆ, ಇವರಿಗೆ ನನ್ನ ಮೇಲೆ ಬೇಜಾರುಂಟು. ಕಡೇ ದಿನ ಗೋಳಿಬಜೆ ಕೇಳಿದ್ರು. ಡಾಕ್ಟ್ರು ಬೇಡ ಅಂದದ್ದಕ್ಕೆ ನಾನು ಕೊಡ್ಲಿಲ್ಲ." ಎಲೆಯ ಮೂಲೆಯಲ್ಲಿದ್ದ ಗೋಳಿಬಜೆಯನ್ನು ಮುಂದಕ್ಕೆ ಸರಿಸಿದರು.

ನನಗೆ ನಾಚಿಕೆಯಾಯಿತು. ಕಾಗೆ ನೋಡುತ್ತಿದ್ದುದು ಎಲೆಯನ್ನಲ್ಲ, ನನ್ನ ಉದ್ದ ಮೂತಿಯ ಲೆನ್ಸನ್ನು. ಒಂಬತ್ತು ದಿನದಿಂದ ಗೊತ್ತಿದ್ದ ಸಂಗತಿ. ಆದರೂ ತಪ್ಪನ್ನು ಅವರ ತಲೆಗೆ ಕಟ್ಟಿದ್ದೆ.

"ಸಿಟ್ಟು ನಿಮ್ಮ ಮ್ಯಾಲಲ್ರೀ, ನನ್ನ ಕ್ಯಾಮೆರಾದ ಮ್ಯಾಲ," ಎಂದು ಅದನ್ನು ಚೀಲಕ್ಕೆ ತುರುಕಿ, ಜಿಪ್ಪೆಳೆದು, ಮೆಟ್ಟಿಲ ಬಾಗಿಲ ಹಿಂದೆ ನಿಂತೆ.

ಎರಡು ನಿಮಿಷವೂ ಆಗಿರಲಿಲ್ಲ. ಆ ಹಾಳು ಕಾಗೆ ಇಳಿದು, ಗೋಳಿಬಜೆಯ ಚೂರೊಂದನ್ನು ಕಚ್ಚಿಕೊಂಡು ನೇರ ಮಳೆಮರಕ್ಕೆ ಹಾರಿ, ಕೋಗಿಲೆ ಮರಿಯ ಕೆಂಪು ಬಾಯಿಗೆ ತುರುಕಿತು. ಎಷ್ಟು ಹತ್ತಿರ, ಎಂಥ ಬೆಳಕು. ನಾನು ಹಲ್ಲು ಕಚ್ಚಿದೆ.

"ಛೆ, ತಂದಲ್ಲದ ಮಂದಿ ಮರಿಗೆ ಹಾಕ್ತು ನೋಡ್ರಿ," ಎಂದು ಬಾಯಿ ಜಾರಿತು. ಅಂದ ಮೇಲೆ ನಾಲಗೆ ಕಚ್ಚಿಕೊಂಡೆ.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹಾಗಾದ್ರೆ ಇವರೇ ಬಂದದ್ದು, ಸಂಶಯ ಇಲ್ಲ. ಗ್ರಾಂಟ್ ರೋಡಿನ ಹೋಟೆಲಲ್ಲಿ ಕೆಲಸಕ್ಕೆ ಇದ್ದಷ್ಟು ದಿನ, ತನ್ನ ತಟ್ಟೆಯದ್ದು ಕಂಡವರ ಮಕ್ಕಳಿಗೆ ಹಾಕಿಯೇ ಉಣ್ತಿದ್ದದ್ದು."